ಶಾಣ್ಯಾ ಅದಾನ್ರಿ, ಆದ್ರ...

ನಮ್ಮ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಪಾಲಕರ ಸಭೆ ನಡೆದಾಗಲೆಲ್ಲ ಮಾಸ್ತರರ ಬಾಯಿಂದ ಬರುವ ಒಂದು ವಾಕ್ಯವನ್ನು ನಾನು ಬಹಳ ವರ್ಷಗಳಿಂದ ಗಂಟು ಕಟ್ಟಿ ಇಟ್ಟುಕೊಂಡಿದ್ದೇನೆ. ದೇವದುರ್ಗದಲ್ಲಿ ಕೇಳಿದರೂ ಅದೇ, ಮಾನ್ವಿಯಲ್ಲಿ ಕೇಳಿದರೂ ಅದೇ. ರಾಯಚೂರು ನಗರದ ಟೈ ಕಟ್ಟಿಸುವ ಶಾಲೆಗೆ ಹೋದರೆ ಅದೇ ವಾಕ್ಯ ಮುಖಕ್ಕೆ ಒಂದಿಷ್ಟು ಇಂಗ್ಲಿಷ್ ಪೌಡರ್ ಬಡಿದುಕೊಂಡು ಎದುರಾಗುತ್ತದೆ. ವಾಕ್ಯ ಇದು: "ಹುಡುಗ ಶಾಣ್ಯಾ ಅದಾನ್ರಿ, ಆದ್ರ..."

ಅಲ್ಲಿಗೆ ಮಾತು ನಿಲ್ಲುತ್ತದೆ. 'ಆದ್ರ' ಆದಮೇಲೆ ಮಾಸ್ತರರು ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುವುತ್ತಾರೆ. ಉಳಿದದ್ದನ್ನು ಪಾಲಕರೇ ತಿಳಿದುಕೊಳ್ಳಬೇಕು. ಓದಂಗಿಲ್ಲ, ಬರಿಯಂಗಿಲ್ಲ, ಬರೆದರೆ ಕಾಗೆ ಕಾಲು ಗುಬ್ಬಿ ಕಾಲು, ಕಿಟಕಿ ಕಡೆ ನೋಡ್ತಾನ, ನಡುವೆ ಎದ್ದು ಪ್ರಶ್ನೆ ಕೇಳ್ತಾನ. ಕೊನೆಯದು ಎಲ್ಲಕ್ಕಿಂತ ಗಂಭೀರವಾದ ಆರೋಪ. ಓದದ ಹುಡುಗನನ್ನು ನಮ್ಮ ಶಾಲೆ ಸಹಿಸಿಕೊಂಡೀತು, ಓದಲು ಬಾರದೆಯೂ ಪ್ರಶ್ನೆ ಕೇಳುವ ಹುಡುಗನನ್ನು ಸಹಿಸುವುದು ಹೇಗೆ?

ಈ ಬರಹದ ಹುಡುಗನಿಗೆ ನಾನು ಹೆಸರಿಟ್ಟಿಲ್ಲ. ಅವನು ಒಬ್ಬನೇ ಹುಡುಗನೂ ಅಲ್ಲ. ಮೂರು ತಾಲೂಕಿನ ಐದಾರು ಹುಡುಗರನ್ನು ಒಂದೇ ಪರಾತಕ್ಕೆ ಹಾಕಿ, ಜೋಳದ ಹಿಟ್ಟಿನಂತೆ ನಾದಿ, ಒಂದು ರೊಟ್ಟಿ ಬಡಿದಿದ್ದೇನೆ. ಹತ್ತು ವರ್ಷ, ಐದನೇ ಕ್ಲಾಸು, ದೇವದುರ್ಗದ ಕಡೆಯ ಹಳ್ಳಿ. ಅಪ್ಪನದು ಮೂರು ಎಕರೆ ಹತ್ತಿ. ಮನೆ ಮುಂದೆ ವ್ಯಾಪಾರಿ ತಕ್ಕಡಿ ತೂಗು ಹಾಕಿದ ದಿನ ಹುಡುಗ ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಕ್ವಿಂಟಲಿಗೆ ಇಷ್ಟು ದರ, ಸೂಟಿನ ಹೆಸರಲ್ಲಿ ಇಷ್ಟು ಕಿಲೋ ಕಡಿತ, ಹಮಾಲಿ ಇಷ್ಟು, ಮೊದಲೇ ಇಸಿದುಕೊಂಡ ಸಾಲಕ್ಕೆ ಬಡ್ಡಿ ಇಷ್ಟು. ಗುಮಾಸ್ತ ಕಿಸೆಯಲ್ಲಿ ಮೊಬೈಲ್ ತಡಕಾಡುವಷ್ಟರಲ್ಲಿ ಹುಡುಗ ಮೊತ್ತ ಹೇಳಿ, "ಮಾವಾ, ನಿನ್ನ ಚೀಟಿನ್ಯಾಗ ಇನ್ನೂರು ರೂಪಾಯಿ ಎತ್ಲಾಗೋ ಹೊಂಟೈತಿ ನೋಡು" ಎನ್ನುತ್ತಾನೆ. ವ್ಯಾಪಾರಿಗೂ ಅವನ ಬಗ್ಗೆ ಸ್ಪಷ್ಟ ಅಭಿಪ್ರಾಯವಿದೆ: ಹುಡುಗ ಶಾಣ್ಯಾ ಅದಾನ. ಅಲ್ಲಿ 'ಆದ್ರ' ಇಲ್ಲ. ಸುಳ್ಳು ಲೆಕ್ಕ ಸಿಕ್ಕಿಬಿದ್ದವನಿಗೆ ಬುದ್ಧಿಯ ಬಗ್ಗೆ ಸಂಶಯ ಉಳಿಯುವುದಿಲ್ಲ.

ಇದೇ ಹುಡುಗನಿಗೆ ಶಾಲೆಯಲ್ಲಿ 'ಸೂರ್ಯ' ಮುಳುಗಿದ. ಅದರ ಕಥೆ ಹೇಳಲೇಬೇಕು.

ಕನ್ನಡದಲ್ಲಿ ಮಾತಾಡಿದ ಹಾಗೆಯೇ ಬರೆಯುತ್ತೇವೆ, ಬರೆದ ಹಾಗೆಯೇ ಓದುತ್ತೇವೆ ಎಂದು ನವೆಂಬರ್ ಒಂದರಂದು ಧ್ವಜದ ಕೆಳಗೆ ನಿಂತು ನಾವೆಲ್ಲ ಹೇಳುತ್ತೇವೆ. ಈಗ 'ಸೂರ್ಯ' ಬರೆಯಿರಿ. ನಾಲಗೆ ಮೊದಲು 'ರ್' ಅನ್ನುತ್ತದೆ, ಆಮೇಲೆ 'ಯ'. ಕೈ ಮಾತ್ರ ಮೊದಲು 'ಯ' ಬರೆದು, ಆಮೇಲೆ ಅದರ ಬೆನ್ನಿಗೆ ಅರ್ಕಾವತ್ತಿನ ಬಾಲ ಅಂಟಿಸಬೇಕು. ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡುವುದು ಮಗುವಿನ ತೊಂದರೆಯ ಲಕ್ಷಣ ಎಂದು ತಜ್ಞರು ಬರೆಯುತ್ತಾರೆ. ನಮ್ಮ ಲಿಪಿ ಅದನ್ನೇ ಮಾಡಿದರೆ ಅದು ವ್ಯಾಕರಣ. ಸಾಲದ್ದಕ್ಕೆ ಆ ಅರ್ಕಾವತ್ತು ಕನ್ನಡದ ಒಂಬತ್ತರ ತದ್ರೂಪು. ಬೋರ್ಡಿನ ಮೇಲಿದ್ದ 'ಸೂಯ೯' ನೋಡಿ ನಮ್ಮ ಹುಡುಗ ಜೋರಾಗಿ "ಸೂಯ ಒಂಬತ್ತು" ಎಂದು ಓದಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಕ್ಲಾಸಿನಲ್ಲಿ ಅವತ್ತು ಕಣ್ಣಿಗೆ ಕಂಡದ್ದನ್ನು ಕಂಡಂತೆ ಓದಿದವನು ಅವನೊಬ್ಬನೇ. ಉಳಿದವರು ಬಾಯಿಪಾಠ ಒಪ್ಪಿಸಿದ್ದರು.

ಪ, ಷ, ಫ ಒಂದೇ ತಾಯಿಯ ಮಕ್ಕಳು. ದ, ಥ, ಧ ಇನ್ನೊಂದು ಮನೆಯವರು. ಕಾಗುಣಿತ, ಒತ್ತು, ದೀರ್ಘ ಎಲ್ಲ ಸೇರಿ ಕನ್ನಡದ ಮಗು ಗುರುತು ಹಿಡಿಯಬೇಕಾದ ಮುಖಗಳು ನೂರಾರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು ಕನ್ನಡ ಶಾಲೆಗಳ ಮಕ್ಕಳ ಓದನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಬಂಧ, ಅಕ್ಷರಗಳೆಲ್ಲ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು ಎಂದು ತೋರಿಸಿತು. ಅದೂ ಯಾವ ತೊಂದರೆಯೂ ಇಲ್ಲದ ಮಕ್ಕಳಿಗೆ. ಇನ್ನು ಮನೆಯಲ್ಲಿ ಲಂಬಾಣಿಯೋ ತೆಲುಗೋ ಉರ್ದುವೋ ಆಡುವ ಮಗುವಿಗೆ, ಅದರ ಮೇಲೆ ಅಕ್ಷರ ನಿಲ್ಲದ ಕಣ್ಣಿಗೆ ಎಷ್ಟು ವರ್ಷ ಕೊಡಬೇಕು? ನಾವು ಜೂನ್ ತಿಂಗಳಲ್ಲಿ ಸೇತುಬಂಧ ಅಂತ ಕೆಲವು ದಿನ ಕೊಡುತ್ತೇವೆ. ಕೃಷ್ಣೆಗೆ ಸೇತುವೆ ಕಟ್ಟಲು ಇದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಈ ವಿಷಯವನ್ನು ನಾನೊಮ್ಮೆ ಒಬ್ಬ ಅಧಿಕಾರಿಯ ಮುಂದೆ ಎತ್ತಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಡಿಸ್ಲೆಕ್ಸಿಯಾ ಅನ್ನೋದು ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಬರೋದ್ರಿ. ನಮ್ಮ ಸರಕಾರಿ ಶಾಲಿ ಮಕ್ಕಳಿಗೆ ಅವೆಲ್ಲ ಬರಂಗಿಲ್ಲ" ಎಂದರು. ಬಡವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂದು ನಂಬಿದ್ದ ಕಾಲವೊಂದಿತ್ತಲ್ಲ, ಆ ಧಾಟಿ.

ಹಾಗಂತ ಊರು ಸುಮ್ಮನೆ ಕೂತಿಲ್ಲ. ಔಷಧಗಳಿವೆ. ಅಜ್ಜಿ ಬಜೆಬೇರು ತೇಯ್ದು ಜೇನಿನಲ್ಲಿ ನೆಕ್ಕಿಸಿದಳು. ಮಾಸ್ತರರು ಬಸ್ಕಿ ಹೊಡೆಸಿದರು. ತಪ್ಪು ಬರೆದ ಪದವನ್ನು ಇಪ್ಪತ್ತು ಸಲ ಬರೆಯಿಸಿದರು. ಹುಡುಗ ಒಂದು ತಪ್ಪಿನಿಂದ ಇಪ್ಪತ್ತು ತಪ್ಪಿಗೆ ಬಡ್ತಿ ಪಡೆದ. ಅಪ್ಪ ಮಂತ್ರಾಲಯಕ್ಕೆ ಕರೆದೊಯ್ದು ಬಂದ. ಗಬ್ಬೂರಿನಲ್ಲಿ ಬೂದಿ ಬಸವೇಶ್ವರ ಮಠದ ಹೆಸರನ್ನು ಹುಡುಗ ಅಕ್ಷರ ಕೂಡಿಸಿ ಕೂಡಿಸಿ "ಬುದ್ಧಿ ಬಸವೇಶ್ವರ" ಎಂದು ಓದಿದಾಗ ಅಪ್ಪ ತಿದ್ದಲಿಲ್ಲ. "ಅದೂ ಖರೇನ ಐತಿ, ಕೈ ಮುಗಿ" ಎಂದ.

ಈಗ ಸ್ವಲ್ಪ ದೂರ ಹೋಗಿ ಬರೋಣ. 1896ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಕಡೆಯ ವೈದ್ಯ ಪ್ರಿಂಗಲ್ ಮಾರ್ಗನ್, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದ. ಕಣ್ಣು ಚೆನ್ನಾಗಿವೆ, ಬುದ್ಧಿ ಚುರುಕಾಗಿದೆ, ಒಂಬತ್ತಂಕಿಯ ಸಂಖ್ಯೆಯನ್ನು ಸಲೀಸಾಗಿ ಓದುತ್ತಾನೆ, ಆದರೆ ಸಣ್ಣ ಪದ ಓದಲಾರ. ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ 'ಪ್ರೆಸಿ' ಎಂದು ಬರೆಯುತ್ತಾನೆ. ಆ ವರದಿಯಲ್ಲಿ ನನಗೆ ಬಹಳ ಹಿಡಿಸಿದ್ದು ಪರ್ಸಿಯ ಮಾಸ್ತರರ ಅಭಿಪ್ರಾಯ: ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣ. ಅಂದರೆ ಶಾಣ್ಯಾ ಅದಾನ್ರಿ, ಆದ್ರ... ನೋಡಿ, ವಾಕ್ಯಕ್ಕೆ 125 ವರ್ಷ ದಾಟಿವೆ. ಮಾನ್ವಿಗೆ ಬಂದು ತಲುಪುವಾಗಲೂ ಅದು ಪೂರ್ತಿಯಾಗಿರಲಿಲ್ಲ.

ತಲುಪುವುದು ಅಂದಾಗ ನಮ್ಮ ಎಡದಂಡೆ ಕಾಲುವೆ ನೆನಪಾಗುತ್ತದೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರು ಅಂತ ಪತ್ರಿಕೆಯಲ್ಲಿ ದೊಡ್ಡ ಫೋಟೊ, ಬಾಗಿನ, ಹೂವಿನ ಹಾರ. ಮೇಲ್ಭಾಗದಲ್ಲಿ ಪಂಪ್‌ಸೆಟ್ಟು, ಪೈಪು, ಭತ್ತದ ಗದ್ದೆ. ಮಾನ್ವಿ ದಾಟಿ ರಾಯಚೂರು ಕಡೆಯ ಕೆಳಭಾಗಕ್ಕೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಉಳಿಯುವುದು ಜಾಲಿಗಿಡ ಮತ್ತು ರೈತರ ಧರಣಿ. ಮಕ್ಕಳ ಕಾನೂನುಗಳೂ ಇದೇ ಕಾಲುವೆಯಲ್ಲಿ ಬರುತ್ತವೆ.

ಕಾನೂನು ಇಲ್ಲ ಎನ್ನುವ ಹಾಗಿಲ್ಲ. ಬಹಳ ಚೆನ್ನಾಗಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿ. ಹಳೆಯ 1995ರ ಕಾಯ್ದೆಯಲ್ಲಿದ್ದ 7 ಬಗೆಯ ವೈಕಲ್ಯಗಳು 21 ಆದವು. ನಿರ್ದಿಷ್ಟ ಕಲಿಕಾ ನ್ಯೂನತೆ ಎಂಬ ಹೆಸರಿನಲ್ಲಿ ನಮ್ಮ ಹುಡುಗನಿಗೂ ಅದರಲ್ಲಿ ಒಂದು ಸಾಲು ಸಿಕ್ಕಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ಅವರಿಗೆ ತಕ್ಕ ಹಾಗೆ ಕಲಿಸಬೇಕು, ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಆಗಬೇಕು ಎಂದೆಲ್ಲ ಬರೆದಿದೆ. ಶಾಲೆಗೆ ಬರುವ ಆರೋಗ್ಯ ತಪಾಸಣೆಯ ತಂಡದ ಪಟ್ಟಿಯಲ್ಲೂ 2013ರಿಂದ ಇರುವ 30 ತೊಂದರೆಗಳಲ್ಲಿ ಕಲಿಕೆಯ ತೊಂದರೆ ಒಂದು. ಆದರೆ "ಆ ಅನ್ನು, ನಾಲಿಗಿ ಚಾಚು" ಎಂದ ಕೂಡಲೇ ಕಾಣುವ ತೊಂದರೆ ಅದಲ್ಲ. ಹುಡುಗನ ಹಲ್ಲು ಚೆನ್ನಾಗಿದ್ದವು. ತಂಡ ಮುಂದಿನ ಊರಿಗೆ ಹೋಯಿತು.

ಇನ್ನು ಸರ್ಟಿಫಿಕೇಟು. 2018ರ ಜನವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಮೊದಲು ಶಾಲೆಯವರು ಮೂರನೇ ಕ್ಲಾಸಿನಲ್ಲೋ ಎಂಟು ವರ್ಷಕ್ಕೋ ಗುರುತು ಹಿಡಿಯಬೇಕು. ಆಮೇಲೆ ಮಕ್ಕಳ ವೈದ್ಯರು ಕಣ್ಣು ಕಿವಿ ನೋಡಬೇಕು. ಆಮೇಲೆ ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟ ಅಳೆಯಬೇಕು. ಬುದ್ಧಿಮಟ್ಟ 85ಕ್ಕಿಂತ ಮೇಲಿದ್ದರೆ ಮಾತ್ರ ನಿಮ್ಹಾನ್ಸ್‌ನವರು ರೂಪಿಸಿದ ಕಲಿಕಾ ಪರೀಕ್ಷೆ. ಅದಾದ ಮೇಲೆ ಸರ್ಟಿಫಿಕೇಟು. ಇದನ್ನು ನಾನು ಅಪ್ಪನಿಗೆ ಬಿಡಿಸಿ ಹೇಳಿದೆ. ಆತ ಸ್ವಲ್ಪ ಹೊತ್ತು ಬೀಡಿ ಸೇದಿ ಲೆಕ್ಕ ಹಾಕಿದ.

"ಅಂದ್ರ, 85ಕ್ಕಿಂತ ಹೆಚ್ಚು ಶಾಣ್ಯಾ ಇರಬೇಕು?"

"ಹೌದು."

"ಸವಲತ್ತು ಬೇಕಂದ್ರ ತೊಂದ್ರಿ 40ಕ್ಕಿಂತ ಕಮ್ಮಿ ಇರಬಾರ್ದು?"

"ಹೌದು."

"ಪರೀಕ್ಷಾದಾಗ 35 ತಗಂಡ್ರ ಪಾಸು?"

"ಹೌದು."

"ಇವನ್ನೆಲ್ಲ ಕೂಡಿಸಿ ಇಟ್ಟವ್ರು ಯಾರ್ರಿ? ಅವರಿಗೆ ಲೆಕ್ಕ ಬರ್ತಿತ್ತಾ?"

ನನಗೆ ಉತ್ತರ ತೋಚಲಿಲ್ಲ. ಆದರೆ ಒಂದು ಮಾತು ಹೊಳೆಯಿತು. ಹೆಸರಿಗೆ ಇದು ಅಂಗವಿಕಲತೆಯ ಪ್ರಮಾಣಪತ್ರ. ನಿಜದಲ್ಲಿ ಈ ಹುಡುಗ ದಡ್ಡನಲ್ಲ ಎಂದು ಸರಕಾರವೇ ಸೀಲು ಹೊಡೆದು ಕೊಡುವ ಏಕೈಕ ಕಾಗದ. ನನ್ನ ಬಳಿ ಅಂಥದ್ದಿಲ್ಲ. ಮಾಸ್ತರರ ಬಳಿ ಇಲ್ಲ. ಶಾಸಕರ ಬಳಿ ಇರುವ ಸಾಧ್ಯತೆಯಂತೂ ಇಲ್ಲವೇ ಇಲ್ಲ. ಅದೂ ಸುಮ್ಮನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. 14 ವರ್ಷಕ್ಕೆ ಮತ್ತೆ ಪರೀಕ್ಷೆ, 18ಕ್ಕೆ ಮತ್ತೆ. ಟ್ರ್ಯಾಕ್ಟರಿಗೆ ಎಫ್‌ಸಿ ಮಾಡಿಸಿದ ಹಾಗೆ. ಹುಡುಗ ನಡುವೆ ಎಲ್ಲಾದರೂ ದಡ್ಡನಾಗಿಬಿಟ್ಟರೆ ಎಂಬ ಮುಂಜಾಗ್ರತೆ ಇರಬೇಕು.

ಸರ್ಟಿಫಿಕೇಟಿಗೆ ಬೇಕಾದ ಕಾಗದ ಹಿಡಿದುಕೊಂಡು ಅಪ್ಪ, ಮಗ ದೇವದುರ್ಗದಿಂದ ಐವತ್ತು ಕಿಲೋಮೀಟರ್ ಆಚೆಯ ರಾಯಚೂರಿಗೆ ಹೋದರು. ಎಷ್ಟು ಸಲ ಹೋದರು ಎನ್ನುವುದನ್ನು ಹುಡುಗನೇ ಲೆಕ್ಕ ಇಟ್ಟಿದ್ದಾನೆ, ಟಿಕೆಟ್ ದರದ ಸಮೇತ. ಮೊದಲ ಸಲ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ ಸಾಹೇಬರು ಇದ್ದರು, ಸರ್ವರ್ ಇರಲಿಲ್ಲ. ಮೂರನೇ ಸಲ ಎರಡೂ ಇದ್ದವು, ಹುಡುಗನ ಹೆಸರು ಕೂಡಿ ಬರಲಿಲ್ಲ. ಆಧಾರ್‌ನಲ್ಲಿ ಒಂದು ಕಾಗುಣಿತ, ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮೂರನೆಯದು. ಒಂದರಲ್ಲಿ ದೀರ್ಘ ಹಾರಿದೆ, ಇನ್ನೊಂದರಲ್ಲಿ ಒತ್ತು ಬಿದ್ದಿದೆ, ಮೂರನೆಯದರಲ್ಲಿ ಹುಟ್ಟಿದ ತಾರೀಖಿನ ಅಂಕಿ ಅದಲುಬದಲಾಗಿದೆ.

ಇಲ್ಲಿ ನಾನೊಂದು ಸೂಕ್ಷ್ಮ ವಿಚಾರ ಗಮನಕ್ಕೆ ತರಬೇಕು. ದೀರ್ಘ ಹಾರಿಸುವುದು, ಒತ್ತು ಬೀಳಿಸುವುದು, ಅಂಕಿ ಹಿಂದುಮುಂದು ಮಾಡುವುದು, ಎದುರಿಗಿದ್ದ ಕಾಗದ ನೋಡಿಕೊಂಡು ನಕಲು ಮಾಡಿದರೂ ತಪ್ಪುವುದು. ಇವೆಲ್ಲ ಹತ್ತು ವರ್ಷದ ಹುಡುಗ ಮಾಡಿದರೆ ಕಲಿಕಾ ನ್ಯೂನತೆ. ಕಚೇರಿ ಮಾಡಿದರೆ 'ಡಾಟಾ ಎಂಟ್ರಿ'. ಹುಡುಗನಿಗಾದರೆ ಬಸ್ಕಿ ಉಂಟು. ಕಚೇರಿ ಮಾಡಿದ ತಪ್ಪಿಗೆ ಅಫಿಡವಿಟ್ ಮಾಡಿಸಿ ತರಬೇಕಾದವನೂ ಹುಡುಗನ ಅಪ್ಪನೇ. ಅಷ್ಟೇಕೆ, ತಾಲೂಕಿನ ಹೆಸರನ್ನೇ ಒಂದು ಬೋರ್ಡಿನಲ್ಲಿ ಮಾನ್ವಿ ಎಂದೂ ಇನ್ನೊಂದರಲ್ಲಿ ಮಾನವಿ ಎಂದೂ ಬರೆದುಕೊಂಡು ಎಷ್ಟೋ ಕಾಲದಿಂದ ಸುಖವಾಗಿದ್ದೇವೆ. ಅದಕ್ಕೆ ಯಾರೂ ತಾಲೂಕನ್ನು ಬೆಂಚಿನ ಮೇಲೆ ನಿಲ್ಲಿಸಿಲ್ಲ.

ದೊಡ್ಡ ಉದಾಹರಣೆ ಬೇಕೆ? ಮಸ್ಕಿಯ ಬಂಡೆಗೆ ಹೋಗಿ. ಅಶೋಕ ಬರೆಸಿದ ಅಕ್ಷರಗಳನ್ನು ಈ ದೇಶದ ಪಂಡಿತರೆಲ್ಲ ಸೇರಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಓದಲಾರದೆ ಹೋದರು. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬಂದು ಬ್ರಾಹ್ಮಿಯನ್ನು ಬಿಡಿಸಿದ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಶಾಸನ ಕಂಡುಹಿಡಿದ ಮೇಲೆ ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಖಾತ್ರಿಯಾಯಿತು. ಆ ಸಾವಿರ ವರ್ಷ ಕುರಿ ಕಾಯುವವರು ಆ ಬಂಡೆಯ ನೆರಳಲ್ಲಿ ರೊಟ್ಟಿ ಉಂಡರು. ಇಡೀ ದೇಶಕ್ಕೆ ಓದಲು ಬರಲಿಲ್ಲ, ಯಾರೂ ದೇಶವನ್ನು ದಡ್ಡ ಅನ್ನಲಿಲ್ಲ. ಲಿಪಿ ಕಷ್ಟದ್ದಾಗಿತ್ತು ಅಂದರು.

ನಮ್ಮ ಜಿಲ್ಲೆಗೆ ಈ ನ್ಯಾಯ ಗೊತ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಗೊತ್ತಿರಲೇಬೇಕು, ಯಾಕೆಂದರೆ ಈ ಜಿಲ್ಲೆಯ ಪ್ರೋಗ್ರೆಸ್ ಕಾರ್ಡೇ ಆ ಹುಡುಗನದರಂತಿದೆ. ಎಡಕ್ಕೊಂದು ನದಿ, ಬಲಕ್ಕೊಂದು ನದಿ. ಹಟ್ಟಿಯಲ್ಲಿ ಚಿನ್ನ, ಶಕ್ತಿನಗರದಲ್ಲಿ ಕರೆಂಟು. ಜಿಲ್ಲೆ ಶಾಣ್ಯಾ ಅದ, ಆದ್ರ... 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿದಾಗ ದೇವದುರ್ಗವೂ ಮಾನ್ವಿಯೂ ಹಿಂದಿನ ಬೆಂಚಿನಲ್ಲಿ ಸಿಕ್ಕವು. 2018ರಲ್ಲಿ ನೀತಿ ಆಯೋಗ ರಾಯಚೂರನ್ನು 'ಮಹತ್ವಾಕಾಂಕ್ಷಿ ಜಿಲ್ಲೆ' ಎಂದು ಕರೆಯಿತು. 'ನಿಧಾನ ಕಲಿಕೆಯವರು' ಎನ್ನುವುದನ್ನು ಜಿಲ್ಲೆಗಳಿಗೆ ಹೇಳುವಾಗ ಹೀಗೆ ಹೇಳುತ್ತಾರೆ.

ಹಿಂದುಳಿದವರು ಎನಿಸಿಕೊಂಡ ನಾವೇನು ಮಾಡಿದೆವು? "ನಾವು ದಡ್ಡರಲ್ಲ, ನಮಗೆ ಬೇರೆ ರೀತಿಯ ನೆರವು ಬೇಕು" ಎಂದು ಬೀದಿಗಿಳಿದೆವು. ಸರಿಯಾಗಿಯೇ ಕೇಳಿದೆವು. 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಈ ಭಾಗಕ್ಕೆ 371(ಜೆ) ವಿಶೇಷ ಸ್ಥಾನಮಾನ ಬಂತು. ಸೀಟಿನಲ್ಲಿ ಮೀಸಲು, ನೌಕರಿಯಲ್ಲಿ ಮೀಸಲು, ಪ್ರತ್ಯೇಕ ಮಂಡಳಿ. 'ಅಭಿವೃದ್ಧಿ' ಎನ್ನುವ ಪದವನ್ನು ಇಪ್ಪತ್ತು ಸಲ ಬರೆದುಕೊಂಡು ಬಾ ಎಂದು ದಿಲ್ಲಿಯವರು ರಾಯಚೂರಿಗೆ ಹೇಳಲಿಲ್ಲ. ಐಐಟಿ ಧಾರವಾಡದ ಪಾಲಾದಾಗ ಮುನಿಸಿಕೊಂಡೆವು, ಐಐಐಟಿ ಕೊಟ್ಟರು. 2022ರ ಮೇ ತಿಂಗಳಿಂದ ಏಮ್ಸ್ ಬೇಕೆಂದು ಧರಣಿ ಕೂತು ಸಾವಿರ ದಿನ ದಾಟಿಸಿದೆವು. ವಿಶೇಷ ಸ್ಥಾನಮಾನದ ಅರ್ಥ ಈ ಭಾಗದ ಚಹಾದಂಗಡಿಯ ಹುಡುಗನಿಗೂ ಗೊತ್ತು.

ಇಷ್ಟೆಲ್ಲ ಆದಮೇಲೆ, 371(ಜೆ) ಅಡಿಯಲ್ಲೇ ನೌಕರಿ ಹಿಡಿದ ಒಬ್ಬ ಮಹನೀಯರು ನಮ್ಮ ಹುಡುಗನ ಅಪ್ಪನಿಗೆ ಹೇಳಿದ ಮಾತು ಕೇಳಿ: "ನಿನ್ ಮಗಗ ಒಬ್ಬಂಗ ಜಾಸ್ತಿ ಟೈಮ್ ಕೊಟ್ರ ಉಳದ ಹುಡುಗರಿಗೆ ಅನ್ಯಾಯ ಆಗಂಗಿಲ್ಲೇನು? ಎಲ್ಲಾರ್ಗೂ ಒಂದ ರೂಲು."

ಎಷ್ಟು ಟೈಮು ಎಂದರೆ ಗಂಟೆಗೆ 20 ನಿಮಿಷ. ಕೇಂದ್ರದ ಮಾರ್ಗಸೂಚಿ ಹೇಳುವುದು ಅಷ್ಟೇ. ಬೇಕಾದರೆ ಬರೆಯಲು ಒಬ್ಬ ಸಹಾಯಕ. ಆ ಸಹಾಯಕ ಹುಡುಗನಿಗಿಂತ ಕೆಳಗಿನ ತರಗತಿಯವನಾಗಿರಬೇಕು ಎಂಬುದೂ ನಿಯಮ. ಅಂದರೆ ಅಕ್ಷರ ಬಾರದ ಜಾಣನಿಗೆ ಅಕ್ಷರ ಬರುವ ಚಿಕ್ಕವನನ್ನು ಹುಡುಕಬೇಕು. ನಮ್ಮ ಶಾಲೆಗಳಲ್ಲಿ ಇದೇ ಅತ್ಯಂತ ಕಠಿಣ ಷರತ್ತು.

ಅನ್ಯಾಯದ ವಿಷಯ ಬಂದದ್ದರಿಂದ ಹೇಳುತ್ತೇನೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಗೋಡೆ ಹತ್ತಿ ಚೀಟಿ ಎಸೆಯುವ ಬಂಧುಬಳಗಕ್ಕೆ ಆ ವರ್ಷ ಕೆಲಸವಿಲ್ಲದಾಯಿತು. ಫಲಿತಾಂಶ ಬೀಳುವುದು ಕಂಡು ಮಂಡಳಿಯವರು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟಾದರೂ ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ರಾಜ್ಯಕ್ಕೆ ರಾಜ್ಯವೇ ಕೃಪೆಯಲ್ಲಿ ಪಾಸಾದಾಗ ಯಾರ ಬುದ್ಧಿಮಟ್ಟವನ್ನೂ ಅಳೆಯಲಿಲ್ಲ, ಯಾರ ಕಣ್ಣು ಕಿವಿಯನ್ನೂ ನೋಡಲಿಲ್ಲ, 14ಕ್ಕೆ ಮತ್ತೆ ಬಾ ಎನ್ನಲಿಲ್ಲ. ಕಾಪಿ ಹೊಡೆಯಲಾಗದ್ದು ಸಾಮೂಹಿಕ ನ್ಯೂನತೆ ಎಂದು ಸರಕಾರ ತಾನೇ ಮನಗಂಡಿತು.

ಹಾಗಾದರೆ ನಾವು ಪ್ರತಿಭೆ ಎಂದು ಯಾವುದಕ್ಕೆ ಕರೆಯುತ್ತೇವೆ? ಜೂನ್ ತಿಂಗಳ ಭಾನುವಾರ ಯಾವುದೇ ಸಮಾಜದ ಕಲ್ಯಾಣ ಮಂಟಪಕ್ಕೆ ಹೋಗಿ, ಪ್ರತಿಭಾ ಪುರಸ್ಕಾರ ನಡೆದಿರುತ್ತದೆ. 90 ದಾಟಿದವರು ಪ್ರತಿಭೆಗಳು. 89 ಬಂದವನ ಪ್ರತಿಭೆ ಮನೆಯಲ್ಲಿ ಅಳುತ್ತಿರುತ್ತದೆ. ಶಾಲು, ಹಾರ, ಸ್ಟೀಲ್ ತಾಟು. ಭಾಷಣಕ್ಕೆ ಬಂದವರು ಐನ್‌ಸ್ಟೀನ್ ಶಾಲೆಯಲ್ಲಿ ದಡ್ಡನಾಗಿದ್ದ ಎಂದು ಹೇಳುತ್ತಾರೆ. ಅದು ಸುಳ್ಳು, ಆತ ಲೆಕ್ಕದಲ್ಲಿ ಮೊದಲಿಂದಲೂ ಮುಂದಿದ್ದ. ಇರಲಿ, ಚಪ್ಪಾಳೆ ಬೀಳುತ್ತದೆ. ಅದೇ ಸಭೆಯ ಹೊರಗೆ ಚಪ್ಪಲಿ ಕಾಯುತ್ತ ನಿಂತ ದಡ್ಡನನ್ನು ಯಾರೂ ಒಳಗೆ ಕರೆಯುವುದಿಲ್ಲ.

ನವೋದಯದ ಕೋಚಿಂಗಿಗೆ ಹಾಕಿ ನೋಡಿ ಎಂದು ನಾನೇ ಸಲಹೆ ಕೊಟ್ಟಿದ್ದೆ. ನಮ್ಮ ಜಿಲ್ಲೆಯ ನವೋದಯ ಇರುವುದು ಮುದಗಲ್ಲಿನಲ್ಲಿ. ಆ ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಬರೀ ಚಿತ್ರಗಳು. ಯಾವುದು ಬೇರೆ, ಯಾವುದು ಕನ್ನಡಿಯ ಬಿಂಬ, ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ. ಅದು ನಮ್ಮ ಹುಡುಗನಿಗೆ ಆಟ. ಕನ್ನಡಿಯೊಳಗಿನ ಜಗತ್ತಿನಲ್ಲೇ ಅವನು ಬೆಳೆದವನು. ಕೋಚಿಂಗ್ ಸರ್ ಮೊದಲ ದಿನ ಅವನಿಗೆ ಚಿತ್ರದ ಹಾಳೆ ಕೊಟ್ಟರು, ನಲವತ್ತಕ್ಕೆ ಮೂವತ್ತೆಂಟು. ಗಾಬರಿಯಾಗಿ ಪಕ್ಕದವನನ್ನು ನೋಡಿ ಬರೆದನೇ ಎಂದು ವಿಚಾರಿಸಿದರು. ಪಕ್ಕದವನಿಗೆ ಹದಿನೇಳು ಬಂದಿತ್ತು. ಮರುದಿನ ಭಾಷೆಯ ಹಾಳೆ ಕೊಟ್ಟರು. ಒಂದು ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಸಮಯ ಮುಗಿಯಿತು. ಸರ್ ಅಪ್ಪನಿಗೆ ಫೋನ್ ಮಾಡಿದರು. ವಾಕ್ಯ ನಿಮಗೆ ಗೊತ್ತೇ ಇದೆ. ವಿಶೇಷ ಅಗತ್ಯದ ಮಕ್ಕಳಿಗೆ ಆ ಪರೀಕ್ಷೆಯಲ್ಲಿ 40 ನಿಮಿಷ ಹೆಚ್ಚು ಕೊಡುತ್ತಾರೆ. ಅದಕ್ಕೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಹೆಸರು ಕೂಡಬೇಕು. ಹೆಸರು ಕೂಡುವಷ್ಟರಲ್ಲಿ ಪರೀಕ್ಷೆಯ ಕೊನೆಯ ತಾರೀಖು ಮುಗಿದಿತ್ತು.

ಮಾಸ್ತರರನ್ನು ಬಯ್ದು ಬರಹ ಮುಗಿಸುವುದು ಬಹಳ ಸುಲಭ. ಆದರೆ ಅವರನ್ನೂ ಒಮ್ಮೆ ನೋಡಿ. ಬೆಳಿಗ್ಗೆ ಹಾಜರಿ ಅಪ್‌ಲೋಡು, ಮಧ್ಯಾಹ್ನ ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಂದಿ ಬಾಳೆಹಣ್ಣು, ಅದರ ಅಪ್‌ಲೋಡು. ಮೊಟ್ಟೆಯ ಮೇಲೆ ನಿಗಾ ಇಡುವುದಕ್ಕೆ ಇಷ್ಟು ಕಾಲಂಗಳಿವೆ, ಅದನ್ನು ತಿನ್ನುವವನ ಮೇಲೆ ನಿಗಾ ಇಡಲು ಒಂದು ಕಾಲಂ, 'ನಿಧಾನ ಕಲಿಕೆ: ಹೌದು/ಇಲ್ಲ'. ಇನ್ನು ವಿಶೇಷ ಅಗತ್ಯದ ಮಕ್ಕಳಿಗೆಂದು ಇರುವ ಬಿಐಇಆರ್‌ಟಿ ಶಿಕ್ಷಕರು ಇರುವುದು ಬ್ಲಾಕಿಗೆ ಬೆರಳೆಣಿಕೆ. ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ನಡೆಯಲಾಗದೆ ಮನೆಯಲ್ಲೇ ಇರುವ ಮಗು, ಎಲ್ಲರೂ ಅವರ ಪಾಲಿಗೇ. ಅವರ ಬೈಕು ನಮ್ಮ ಹುಡುಗನ ಊರಿಗೆ ಬರುವ ಹೊತ್ತಿಗೆ ಅವನ ಅಪ್ಪ ಅವ್ವ ಹೊಲದ ಕೆಲಸ ತೀರಿತೆಂದು ಅವನನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ನಿಮ್ಹಾನ್ಸ್ ಇರುವ ಊರಿಗೇ ಹುಡುಗ ಹೋಗಿ ಬರುತ್ತಾನೆ, ಕಟ್ಟಡದ ಮರಳು ಜರಡಿ ಹಿಡಿಯಲು.

ಒಂದು ವರ್ಷ ಮಾತ್ರ ಬೇರೆಯಾಗಿತ್ತು. ಅತಿಥಿ ಶಿಕ್ಷಕಿ ಎಂದು ಒಬ್ಬ ಹುಡುಗಿ ಬಂದಳು, ಆಗಷ್ಟೇ ಡಿಇಡಿ ಮುಗಿಸಿದವಳು. ಅವಳಿಗೆ ಕಾಯ್ದೆ ಗೊತ್ತಿರಲಿಲ್ಲ, ಮಾರ್ಗಸೂಚಿ ಗೊತ್ತಿರಲಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿದಳು, ಹುಡುಗ ಬಾಯಲ್ಲಿ ಉತ್ತರ ಹೇಳಿದ, ಅವಳು ಬರೆದುಕೊಂಡಳು. ಅಷ್ಟೇ. ಬೋರ್ಡಿನ ಮೇಲೆ ಒಂದು ಸಲಕ್ಕೆ ಒಂದೇ ಸಾಲು ಬರೆದಳು. ಕೆರೆಯ ಎರೆಮಣ್ಣು ತರಿಸಿ ಅಕ್ಷರ ಮಾಡಿಸಿದಳು. ಅರ್ಕಾವತ್ತನ್ನು ಹುಡುಗ ಮೊದಲ ಸಲ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಕ್ಕೋರ, ಇದು ಒಂಬತ್ತಲ್ರಿ, ಚ್ಯಾಳ" ಎಂದ. ಚೇಳಿನ ಕೊಂಡಿ ಹಿಂದೆ ಇರುತ್ತದೆ, ಕಚ್ಚುವುದು ಮೊದಲು. ಅವತ್ತಿನಿಂದ ಆತನ ಸೂರ್ಯ ಮುಳುಗಲಿಲ್ಲ. ಖರ್ಚು: ಒಂದು ಬುಟ್ಟಿ ಮಣ್ಣು. ಈ ಪ್ರಗತಿಯನ್ನು ಯಾವ ಕಾಲಂನಲ್ಲಿ ತುಂಬಬೇಕೆಂದು ತಿಳಿಯದೆ ಹೆಡ್‌ಮಾಸ್ತರರು ಬಿಟ್ಟುಬಿಟ್ಟರು. ಮಾರ್ಚಿಗೆ ಅತಿಥಿ ಶಿಕ್ಷಕಿಯ ಅವಧಿ ಮುಗಿಯಿತು. ಅತಿಥಿಗಳು ಬಹಳ ದಿನ ಇರಬಾರದು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ.

ಮುಂದಿನ ವರ್ಷ ಶಾಲೆಯಿಂದ ರಾಯಚೂರಿನ ಕೋಟೆ ನೋಡಲು ಕರೆದೊಯ್ದರು. ಕೋಟೆ ಗೋಡೆಯಲ್ಲಿ 41 ಅಡಿಗೂ ಮೀರಿದ ಉದ್ದನೆಯ ಒಂದೇ ಕಲ್ಲಿದೆ, ಅದರ ಮೇಲೆ ತೆಲುಗು ಶಾಸನ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಕಾಲದಲ್ಲಿ ವಿಠಲನೆಂಬವನು ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ದಿನಾ ಅದರ ಸಮೀಪವೇ ಓಡಾಡುವ ನಮ್ಮಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿಯೋ. ಶಾಸನದ ಹತ್ತಿರವೇ ಒಬ್ಬ ಶಿಲ್ಪಿ ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಉದ್ದನೆಯ ಸಾಲು ಕಟ್ಟಿ ಎಳೆದು ತಂದ ಬಗೆಯನ್ನು ಚಿತ್ರವಾಗಿ ಕೆತ್ತಿದ್ದಾನೆ. ಅದು ಎಲ್ಲರಿಗೂ ತಿಳಿಯುತ್ತದೆ. ಪಾಠದ ಪಕ್ಕದ ಅಂಚಿನಲ್ಲಿ ಚಿತ್ರ ಗೀಚುವ ಹುಡುಗರು ಆ ಕಾಲದಲ್ಲೂ ಇದ್ದರು, ಅವರ ಕೈಗೆ ಉಳಿ ಕೊಡುತ್ತಿದ್ದರು.

ಎಲ್ಲ ಮಕ್ಕಳೂ ಮಾಸ್ತರರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡರು. ನಮ್ಮವನು ಆ ಬಂಡಿಯ ಮುಂದೆಯೇ ನಿಂತುಬಿಟ್ಟ. ಮರುವಾರ ಕಿರುಪರೀಕ್ಷೆ: ಕೋಟೆ ಕಟ್ಟಿದ ಇಸ್ವಿ ಯಾವುದು? ಹುಡುಗ 1249 ಎಂದು ಬರೆದ. ಸೊನ್ನೆ ಬಂತು. ಪಾಲಕರ ಸಭೆಯಲ್ಲಿ ಮಾಸ್ತರರು ಆ ಹಾಳೆ ತೋರಿಸಿ ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುವಿದರು.

ಮನೆಗೆ ನಡೆದು ಬರುವಾಗ ಅಪ್ಪ ಕೇಳಿದ, "ಇಸ್ವಿ ಗೊತ್ತಿದ್ದಿಲ್ಲೇನೋ?"

"ಗೊತ್ತಿತ್ತು. ಸಾವಿರದಾ ಇನ್ನೂರಾ ತೊಂಬತ್ನಾಕು."

"ಮತ್ತ ಹಂಗ್ಯಾಕ ಬರದಿ?"

"ಅದಿರ್ಲಿ ಬಿಡಪ್ಪಾ," ಎಂದ ಹುಡುಗ. "ಕೋಣ ಎಲ್ಲಾ ಮುಂದ ಅದಾವ. ಇಳಿಜಾರು ಬಂದಾಗ ಆ ಬಂಡಿ ಹಿಂದಿಂದ ಯಾರು ಹಿಡದಿದ್ರು?"